ಎರೆ ನೆಲದಲ್ಲಿ ಮನೆ ನಿಲ್ಲಬೇಕಾದರೆ ಯಾರ್ಯಾರು ಕೂಡಬೇಕು?

[ದೃಶ್ಯ: ಬಾಗಲಕೋಟೆ ಜಿಲ್ಲೆ, ಹೊಳೆದಂಡೆಯಿಂದ ದೂರದ ದಿಬ್ಬ. ಒಂದೇ ಅಳತೆಯ ಮನೆಗಳ ಸಾಲು. ಕೆಲವು ಬಾಗಿಲಿಗೆ ಬೀಗ.]

ನಮಸ್ಕಾರ. ಈ ಮನೆಗಳನ್ನು ನೋಡಿ. 2009ರ ನೆರೆ ಇಳಿದ ಮೇಲೆ ‘ಆಸರೆ’ ಯೋಜನೆಯಲ್ಲಿ ಇಂಥ ಮನೆಗಳು ಎದ್ದವು. ಸರ್ಕಾರ ಜಾಗ ಹುಡುಕಿತು. ಕಂಪನಿಗಳು, ಸಂಘ-ಸಂಸ್ಥೆಗಳು ಹಣ ಹಾಕಿದವು. ಅಷ್ಟು ಜನ ಒಟ್ಟಿಗೆ ಕೈ ಜೋಡಿಸಿದ್ದು ಸಣ್ಣ ಮಾತಲ್ಲ. ಆದರೂ ಎಷ್ಟೋ ಊರುಗಳಲ್ಲಿ ಜನ ಹಳೇ ಮನೆಯಲ್ಲೇ ಉಳಿದರು, ಇಲ್ಲವೇ ಹೋಗಿ ವಾಪಸ್ ಬಂದರು.

ಯಾಕೆ? ಎತ್ತು ಕಟ್ಟೋದು ಎಲ್ಲಿ?

[ದೃಶ್ಯ: ಹಳೇ ಮಾಳಿಗೆ ಮನೆಯ ಒಳಗೆ. ಬೆಳಕಿಂಡಿಯಿಂದ ಬಿಸಿಲು.]

ಈ ಕಡೆಯ ಹಳೇ ರೈತರ ಮನೆ ಹೊಕ್ಕರೆ ಮೊದಲು ಸಿಗುವುದು ದನ ಕಟ್ಟುವ ಜಾಗ. ಅಲ್ಲಿಂದ ಒಂದು ಮೆಟ್ಟಿಲು ಹತ್ತಿದರೆ ಪಡಸಾಲೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಜೋಳದ ಚೀಲ, ಕೂರಿಗೆ, ಅಣ್ಣ-ತಮ್ಮಂದಿರ ಸಂಸಾರ, ಎಲ್ಲಾ ಅದರೊಳಗೇ. ಹೊಸ ಮನೆಯಲ್ಲಿ ಇದ್ಯಾವುದಕ್ಕೂ ತಾವಿರಲಿಲ್ಲ. ಹೊಲವೂ ದೂರವಾಯಿತು. ನನಗೆ ಕಾಣುವ ತಪ್ಪು ಇಷ್ಟೇ: ಮೇಜಿನ ಸುತ್ತ ಎಲ್ಲರೂ ಇದ್ದರು, ಆ ಮನೆಯಲ್ಲಿ ಬಾಳಬೇಕಾದವರ ಮಾತಿಗೆ ಮಾತ್ರ ತೂಕ ಸಿಗಲಿಲ್ಲ.

ಮತ್ತೆ 2019ರ ಆಗಸ್ಟ್ ಬಂತು. ಮಲಪ್ರಭಾ, ಘಟಪ್ರಭಾ, ಕೃಷ್ಣಾ ಒಟ್ಟಿಗೇ ಉಕ್ಕಿದವು. ಈ ಸಲ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಕಂತು ಕಂತಾಗಿ ಹಣ, ಕಟ್ಟಿಸುವ ಹೊಣೆ ಮನೆಯವರದೇ. ಇದು ಒಳ್ಳೆಯ ಬದಲಾವಣೆ, ಅದರಲ್ಲಿ ಅನುಮಾನವಿಲ್ಲ. ದನದ ಕೊಟ್ಟಿಗೆ ಎಲ್ಲಿರಬೇಕು ಅಂತ ಮನೆಯವರೇ ಹೇಳಬಹುದು. ಆದರೆ ಬುನಾದಿ ಎಷ್ಟು ಆಳ ಇರಬೇಕು ಅಂತ ಅವರಿಗೆ ಯಾರು ಹೇಳಬೇಕು?

[ದೃಶ್ಯ: ಗೋಡೆಯ ಬಿರುಕು, ಹತ್ತಿರದಿಂದ.]

ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೆ ಹೋಗಿದೆ, ಅಲ್ವಾ? ಇದು ಎರೆ ಮಣ್ಣಿನ, ಅಂದರೆ ಈ ಕಡೆಯ ಕಪ್ಪು ಜಿಗುಟು ಮಣ್ಣಿನ ಕೆಲಸ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲೆ ನಿಂತ ಮನೆ ವರ್ಷಾ ವರ್ಷಾ ಅಲುಗುತ್ತದೆ. ಇದಕ್ಕೆ ಪರಿಹಾರ ಗೊತ್ತಿರುವುದೇ. ಗಟ್ಟಿ ಗರಸು, ಅಂದರೆ ಕಲ್ಲು ಬೆರೆತ ಮಣ್ಣು, ಸಿಗುವ ತನಕ ಅಗೆಯಬೇಕು. ಅಗೆದ ಎರೆ ಮಣ್ಣನ್ನೇ ವಾಪಸ್ ತುಂಬದೆ ಗರಸು ಹಾಕಿ ದಮ್ಮಸ್ಸು ಮಾಡಬೇಕು. ಬುನಾದಿ ಮೇಲೆ ಸುತ್ತಲೂ ಪ್ಲಿಂತ್ ಬೀಮ್, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ, ಕಟ್ಟಬೇಕು. ಅದಕ್ಕಿಂತ ಮುಖ್ಯವಾಗಿ, ಬಚ್ಚಲ ನೀರು ಗೋಡೆ ಬುಡಕ್ಕೆ ಹೋಗಬಾರದು.

ಈ ಬಚ್ಚಲ ನೀರಿನ ವಿಷಯ ಸಣ್ಣದು ಅನ್ನಿಸಬಹುದು. ಆದರೆ ಓಣಿಯಲ್ಲಿ ಗಟಾರ ಇಲ್ಲದಿದ್ದರೆ ಆ ನೀರು ಬೇರೆಲ್ಲಿಗೆ ಹೋಗಬೇಕು? ಮನೆ ಮನೆಯವರದು, ಗಟಾರ ಪಂಚಾಯಿತಿಯದು. ಎರಡೂ ಕೂಡದೆ ಗೋಡೆ ಉಳಿಯುವುದಿಲ್ಲ.

ಈಗ ದುಡ್ಡಿನ ಮಾತು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಯಲುಸೀಮೆಯ ಮನೆಗೆ ಇಟ್ಟಿದ್ದು 1.20 ಲಕ್ಷ ರೂಪಾಯಿ. ಮನೆ ಕನಿಷ್ಠ 25 ಚದರ ಮೀಟರ್. ನೆಲ ಎರೆ ಇರಲಿ, ಕಲ್ಲಿರಲಿ, ಹಣ ಅಷ್ಟೇ. ಎರೆ ನೆಲದಲ್ಲಿ ಮೊದಲ ಕಂತು ಬುನಾದಿಗೇ ಸಾಲುವುದಿಲ್ಲ. ಮುಂದಿನ ಕಂತಿಗೆ ಕೆಲಸ ಮುಗಿಸಿ ಫೋಟೋ ಆಗಬೇಕು. ನಡುವೆ ಕೈಗಡ, ಬಡ್ಡಿ. ಕೊನೆಗೆ ಬುನಾದಿಯಲ್ಲೇ ಉಳಿತಾಯ ಮಾಡುತ್ತಾರೆ, ಯಾಕಂದರೆ ಅದು ಕಣ್ಣಿಗೆ ಕಾಣುವುದಿಲ್ಲ.

ಹಾಗಂತ ದಾರಿ ಇಲ್ಲ ಅಂತಲ್ಲ. ಅದೇ ಯೋಜನೆಯ ನಿಯಮದಲ್ಲಿ ಉದ್ಯೋಗ ಖಾತ್ರಿಯಿಂದ 90 ದಿನದ ಕೂಲಿ, ಶೌಚಾಲಯಕ್ಕೆ ಬೇರೆ 12,000 ರೂಪಾಯಿ, ಬೇಕಾದವರಿಗೆ ಬ್ಯಾಂಕಿನಿಂದ 70,000 ರೂಪಾಯಿವರೆಗೆ ಸಾಲ ಕೊಡಿಸುವ ಮಾತೂ ಸೇರಿತ್ತು. ಆದರೆ ಇವೆಲ್ಲ ಬೇರೆ ಬೇರೆ ಬಾಗಿಲು. ಕೂಲಿ ಕೆಲಸ ಬಿಟ್ಟು ಪ್ರತಿ ಬಾಗಿಲಿಗೂ ಅಲೆಯುವುದು ಆ ಮನೆಯ ಹೆಣ್ಣುಮಗಳೇ. ಪಿಡಿಒ, ಎಂಜಿನಿಯರ್, ಬ್ಯಾಂಕಿನವರು ಒಂದೇ ದಿನ ಪಂಚಾಯಿತಿಗೆ ಬಂದು ಕೂತರೆ ಆಕೆಯ ಎಷ್ಟು ಓಡಾಟ ತಪ್ಪುತ್ತದೆ!

[ದೃಶ್ಯ: ಗೌಂಡಿ ತೂಕದ ಗುಂಡು ಬಿಟ್ಟು ಗೋಡೆ ನೋಡುತ್ತಿರುವುದು.]

ಇನ್ನೊಬ್ಬರನ್ನು ಎಲ್ಲರೂ ಮರೆಯುತ್ತಾರೆ. ಗೌಂಡಿ. ನಕ್ಷೆ ಯಾರೇ ಬರೆಯಲಿ, ಕಟ್ಟುವವರು ಅವರು. ಜಿಲ್ಲೆಯ ನಿರ್ಮಿತಿ ಕೇಂದ್ರಗಳು ಹುಟ್ಟಿದ್ದೇ ಕಡಿಮೆ ಖರ್ಚಿನ ಕಟ್ಟಡ ತಂತ್ರ ಕಲಿಸಲು. ಮನೆ ಮಂಜೂರಾದ ಊರಿನ ಗೌಂಡಿಗಳಿಗೆ ಅಲ್ಲೇ, ಮೊದಲ ಮನೆಯ ಬುನಾದಿಯಲ್ಲೇ ತರಬೇತಿ ಕೊಟ್ಟರೆ, ಉಳಿದ ಮನೆಗಳಿಗೂ ಅದೇ ಕೈ ಹೋಗುತ್ತದೆ.

ಇಳಕಲ್, ಗುಳೇದಗುಡ್ಡದ ನೇಕಾರರ ಕಥೆ ಇನ್ನೂ ಬೇರೆ. ಅವರಿಗೆ ಮನೆಯೇ ಕಾರ್ಖಾನೆ. ಕುಣಿ ಮಗ್ಗದಲ್ಲಿ ಕಾಲು ನೆಲದೊಳಗೆ ಇಳಿಬಿಟ್ಟು ನೇಯುತ್ತಾರೆ. ಆ ಕುಣಿಗೆ ಮಳೆ ನೀರು ಜಿನುಗಿದರೆ ಮಗ್ಗ ನಿಂತಿತು, ಆ ದಿನದ ಗಳಿಕೆ ಹೋಯಿತು. ಅಂಥ ಮನೆಯ ನಕ್ಷೆಗೆ ಕೈಮಗ್ಗ ಇಲಾಖೆಯವರೂ ಬರಬೇಕು. ಮಗ್ಗದ ಕುಣಿ ಎಲ್ಲಿ, ಬೆಳಕು ಯಾವ ಕಡೆಯಿಂದ, ನೆಲ ಎಷ್ಟು ಎತ್ತರ, ಇದೆಲ್ಲ ಬುನಾದಿ ಅಗೆಯುವ ಮೊದಲೇ ತೀರ್ಮಾನ ಆಗಬೇಕು.

ನಿಮ್ಮ ಊರಿನ ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದಿದ ದಿನ ಎದ್ದು ನಿಂತು ಕೇಳಿ: ನಮ್ಮ ನೆಲ ನೋಡಲು ಎಂಜಿನಿಯರ್ ಯಾವತ್ತು ಬರುತ್ತಾರೆ? ಗಟಾರ ಈ ವರ್ಷದ ಕ್ರಿಯಾಯೋಜನೆಯಲ್ಲಿದೆಯಾ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಆಮೇಲೆ ಸಹಿ ಹಾಕಿ.