ಕಡಲ ಮೀನಿನ ತೊಟ್ಟಿಗೆ ಸ್ಕಿಮ್ಮರ್ ಕೊಳ್ಳುವ ಮುನ್ನ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಬೇಕೆಂದಿರುವ ಕೊಡಗಿನ ಹವ್ಯಾಸಿಗಳು ಪ್ರೋಟೀನ್ ಸ್ಕಿಮ್ಮರನ್ನು ಹೇಗೆ ಆರಿಸಬೇಕೆಂಬುದನ್ನು ಇಂದು ನೋಡೋಣ.

ಮೀನಿನ ಮಲ ಮತ್ತು ಉಳಿದ ಆಹಾರದಿಂದ ನೀರಿಗೆ ಬಿಡುಗಡೆಯಾಗುವ ಸಾವಯವ ಅಣುಗಳು ಗಾಳಿಗುಳ್ಳೆಗಳ ಮೈಗೆ ಅಂಟಿಕೊಂಡು ನೊರೆಯಾಗಿ ಮೇಲೇರುತ್ತವೆ. ಆ ನೊರೆಯನ್ನು ಬಟ್ಟಲಿನಲ್ಲಿ ಹಿಡಿದು ಹೊರಚೆಲ್ಲುವುದೇ ಸ್ಕಿಮ್ಮರಿನ ಕೆಲಸ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದರೊಳಗೊಂದು ಸೇರದೆ ಸಣ್ಣದಾಗಿಯೇ ಉಳಿಯುತ್ತವೆ. ಸಿಹಿನೀರಿನ ತೊಟ್ಟಿಯಲ್ಲಿ ಇದು ಹೆಚ್ಚು ಉಪಯೋಗಕ್ಕೆ ಬಾರದಿರುವುದು ಆ ಕಾರಣದಿಂದಲೇ.

ಪೆಟ್ಟಿಗೆಯ ಮೇಲೆ ಬರೆದಿರುವ ಲೀಟರ್ ಲೆಕ್ಕವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮೀನುಗಳೆಷ್ಟು, ದಿನಕ್ಕೆ ಹಾಕುವ ಆಹಾರವೆಷ್ಟು ಎಂಬುದೇ ಮುಖ್ಯ. ಮೀನು ಕಡಿಮೆಯಿದ್ದು ಸ್ಕಿಮ್ಮರ್ ತೀರಾ ದೊಡ್ಡದಾದರೆ, ನೊರೆ ಬಟ್ಟಲನ್ನು ಮುಟ್ಟುವ ಮೊದಲೇ ಕುಸಿಯುತ್ತದೆ.

ನಮ್ಮಲ್ಲಿ ಹೆಚ್ಚು ಯೋಚಿಸಬೇಕಾದದ್ದು ಗಾಳಿಯ ವಿಷಯ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಲ್ಲಿ ವಾಯುಭಾರ ಕಡಿಮೆಯಿರುವುದರಿಂದ, ಅಷ್ಟೇ ಬೆಚ್ಚಗಿರುವ ನೀರು ಮಂಗಳೂರಿನಲ್ಲಿ ಹಿಡಿದಿಡುವಷ್ಟು ಆಮ್ಲಜನಕವನ್ನು ಇಲ್ಲಿ ಹಿಡಿದಿಡಲಾರದು; ಆದ್ದರಿಂದ ಧಾರಾಳವಾಗಿ ಗಾಳಿ ಎಳೆದು, ಸೂಜಿಯಂಥ ಮುಳ್ಳುಗಳ ಚಕ್ರದಿಂದ ಅದನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ನೀಡಲ್‌ವೀಲ್ ಪಂಪಿನ ಸ್ಕಿಮ್ಮರೇ ಲೇಸು. ಆದರೆ ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ, ನಮ್ಮ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ, ಅದೇ ಗಾಳಿಯನ್ನು ಸ್ಕಿಮ್ಮರ್ ನೀರಿಗೆ ಬೆರೆಸಿದಾಗ, 8.1ರಿಂದ 8.4ರ ನಡುವೆ ಇರಬೇಕಾದ ಪಿಎಚ್ ಕೆಳಗಿಳಿಯುತ್ತದೆ. ಗಾಳಿ ಎಳೆಯುವ ಬಾಯಿಗೆ ಕೊಳವೆ ಜೋಡಿಸಿ ಕಿಟಕಿಯಾಚೆಗೆ ಒಯ್ಯಲು ಬರುವ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಿ. ಕೊಳವೆಯ ತುದಿ ಮಾತ್ರ ಕಾಫಿ ತೋಟದತ್ತ ಇರಬಾರದು: ಕಾಫಿಗೂ ಮೆಣಸಿಗೂ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತದ ತಾಮ್ರ, ಅತಿ ಸ್ವಲ್ಪವಾದರೂ, ಹವಳಕ್ಕೂ ಸಿಗಡಿಗೂ ವಿಷ. ಸಿಂಪಡಣೆಯ ದಿನ ಕೊಳವೆಯನ್ನು ಒಳಗೆಳೆದುಕೊಳ್ಳುವುದು ಕ್ಷೇಮ.

ಇನ್ನು ಕರೆಂಟ್. ಅದು ಹೋದಾಗ ಮೇಲಿನ ತೊಟ್ಟಿಯ ನೀರು, ಸ್ಕಿಮ್ಮರ್ ಇಡುವ ಕೆಳಗಿನ ತೊಟ್ಟಿಗೆ, ಅಂದರೆ ಸಂಪಿಗೆ, ಇಳಿದು ಅಲ್ಲಿನ ಮಟ್ಟ ಏರುತ್ತದೆ. ಬಂದೊಡನೆ ಸ್ಕಿಮ್ಮರ್ ಉಕ್ಕಿ, ಬಟ್ಟಲಿನ ಕೊಳಕೆಲ್ಲ ಮತ್ತೆ ನೀರಿಗೇ ಸೇರಬಹುದು. ಆದ್ದರಿಂದ ಇಳಿದು ಬರುವ ನೀರಿಗೆ ಸಂಪಿನಲ್ಲಿ ಜಾಗವಿರಬೇಕು, ನೀರಿನ ಮಟ್ಟ ಮೊದಲಿನಂತಾದ ಮೇಲೆಯೇ ಸ್ಕಿಮ್ಮರನ್ನು ಚಾಲೂ ಮಾಡಬೇಕು. ಕೊನೆಯದಾಗಿ, ಅಂಗಡಿಯವರಲ್ಲಿ ಆ ಪಂಪಿನ ಇಂಪೆಲ್ಲರ್, ಅಂದರೆ ಒಳಗೆ ತಿರುಗುವ ಚಕ್ರ, ಬಿಡಿಭಾಗವಾಗಿ ಸಿಗುತ್ತದೆಯೇ ಎಂದು ವಿಚಾರಿಸಿ, ಸಿಗುವುದಾದರೆ ಒಂದನ್ನು ಸ್ಕಿಮ್ಮರಿನ ಜೊತೆಯಲ್ಲೇ ಕೊಂಡು ತನ್ನಿ. ನಮಸ್ಕಾರ.