ಎರಡನೇ ಕ್ಲಾಸಿನ ಮಗುವಿಗೆ ಎಷ್ಟು ಹೋಂವರ್ಕ್ ಇರಬೇಕು?

[ದೃಶ್ಯ: ನಾಲ್ಕು ಗೆರೆಯ ಪುಸ್ತಕ, ಮೊಂಡಾದ ಪೆನ್ಸಿಲ್. ಗೋಡೆ ಗಡಿಯಾರದಲ್ಲಿ ರಾತ್ರಿ ಒಂಬತ್ತು.]

ರಾತ್ರಿ ಒಂಬತ್ತು ಗಂಟೆ. ತಟ್ಟೆಯಲ್ಲಿ ಅನ್ನ ಆರುತ್ತಿದೆ. ಎರಡನೇ ಕ್ಲಾಸಿನ ಹುಡುಗ ತೂಕಡಿಸುತ್ತಾ ಕಾಪಿ ರೈಟಿಂಗ್ ಬರೆಯುತ್ತಿದ್ದಾನೆ. "ಇನ್ನೊಂದೇ ಪೇಜ್ ಕಣೋ, ಬೇಗ ಮುಗಿಸು" ಅಂತ ಅಮ್ಮ ಪಕ್ಕದಲ್ಲೇ ಕೂತಿದ್ದಾರೆ. ನಿಮ್ಮ ಮನೆಯಲ್ಲೂ ಇದನ್ನು ನೋಡಿದ್ದೀರಿ, ಅಲ್ವಾ?

ಈ ಹುಡುಗನಿಗೆ ಎಷ್ಟು ಹೋಂವರ್ಕ್ ಇರಬೇಕು ಗೊತ್ತಾ? ಸೊನ್ನೆ. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಬ್ಯಾಗ್ ನೀತಿಯೇ ಹೀಗೆ ಹೇಳುತ್ತದೆ.

[ಪರದೆಯ ಮೇಲೆ: 1–2ನೇ ತರಗತಿ – ಹೋಂವರ್ಕ್ ಇಲ್ಲ. 3–5 – ವಾರಕ್ಕೆ 2 ಗಂಟೆ. 6–8 – ದಿನಕ್ಕೆ 1 ಗಂಟೆ.]

ಮೂರರಿಂದ ಐದನೇ ತರಗತಿಯ ಸಾಲನ್ನು ಇನ್ನೊಮ್ಮೆ ಓದಿ. ವಾರಕ್ಕೆ ಎರಡು ಗಂಟೆ! ಆರು ದಿನಕ್ಕೆ ಹಂಚಿದರೆ ದಿನಕ್ಕೆ 20 ನಿಮಿಷ, ಅದೂ ಎಲ್ಲ ವಿಷಯ ಸೇರಿ. ಆದರೆ ಕನ್ನಡ ಮಿಸ್ ಪ್ರಶ್ನೋತ್ತರ ಕೊಡುತ್ತಾರೆ, ಮ್ಯಾಥ್ಸ್ ಮಿಸ್ ಹತ್ತು ಲೆಕ್ಕ ಕೊಡುತ್ತಾರೆ, ಇಂಗ್ಲಿಷ್ ಮಿಸ್ ಸ್ಪೆಲ್ಲಿಂಗ್ ಕೊಡುತ್ತಾರೆ. ಒಬ್ಬೊಬ್ಬರು ಕೊಟ್ಟಿದ್ದು ಸ್ವಲ್ಪವೇ. ಮಗುವಿನ ಡೈರಿಯಲ್ಲಿ ಅದು ಇಡೀ ಸಂಜೆ.

ಇದು ಹೊಸ ಮಾತೂ ಅಲ್ಲ. ಮೈಸೂರಿನ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಮಕ್ಕಳ ಬ್ಯಾಗಿನ ಭಾರದ ಬಗ್ಗೆ, ಆಡೋಕೂ ಸಮಯವಿಲ್ಲದ ಬಾಲ್ಯದ ಬಗ್ಗೆ ಮಾತಾಡಿದ್ದರು. ಆಮೇಲೆ ಮಕ್ಕಳ ಓದಿನ ಹೊರೆ ಇಳಿಸುವುದು ಹೇಗೆಂದು ನೋಡಲು ಕೇಂದ್ರ ಸರ್ಕಾರ ನೇಮಿಸಿದ ಪ್ರೊ. ಯಶಪಾಲ್ ಸಮಿತಿ ಬಂತು. ಪ್ರಾಥಮಿಕ ತರಗತಿಗಳಿಗೆ ಹೋಂವರ್ಕ್ ಬೇಡ, ಕೊಟ್ಟರೆ ಮನೆಯ ಸುತ್ತಮುತ್ತ ನೋಡಿ ತಿಳಿಯುವಂಥದ್ದು ಮಾತ್ರ ಕೊಡಿ ಎಂದು 1993ರಲ್ಲೇ ವರದಿ ಕೊಟ್ಟಿತು. 2018ರಲ್ಲಿ ಮದ್ರಾಸ್ ಹೈಕೋರ್ಟ್ ಸಿಬಿಎಸ್‌ಇ ಶಾಲೆಗಳ ಒಂದು, ಎರಡನೇ ತರಗತಿಗೆ ಹೋಂವರ್ಕ್ ಕೊಡಬಾರದು ಎಂದಿತು. ಮುಂದಿನ ವರ್ಷ ಕರ್ನಾಟಕ ಸರ್ಕಾರದ ಆದೇಶದಲ್ಲೂ ಅದೇ ಬಂತು.

"ಬರೆಯದೇ ಇದ್ದರೆ ಮಗು ಹಿಂದೆ ಬೀಳಲ್ವಾ?" ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಈ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ 2006ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಹೈಸ್ಕೂಲ್ ಮಕ್ಕಳಲ್ಲಿ ಹೋಂವರ್ಕಿಗೂ ಕಲಿಕೆಗೂ ನಂಟು ಕಂಡಿತು. ಪುಟ್ಟ ಮಕ್ಕಳಲ್ಲಿ ಅದು ಹೆಚ್ಚುಕಡಿಮೆ ಕಾಣಲೇ ಇಲ್ಲ.

[ದೃಶ್ಯ: ಸಂಜೆ, ಬಸ್ಸಿನಿಂದ ಇಳಿಯುವ ಹೆಂಗಸರು. ನಿಧಾನವಾಗಿ ತೋರಿಸಿ.]

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಏಳು ಗಂಟೆಗೆ ಮನೆಗೆ ಬರುವ ತಾಯಿಯನ್ನು ನೆನೆಸಿಕೊಳ್ಳಿ. ಅವರು ಓದಿದ್ದು ಕನ್ನಡದಲ್ಲಿ, ಏಳನೇ ಕ್ಲಾಸಿನವರೆಗೆ. ಮಗು ಇಂಗ್ಲಿಷ್ ಮೀಡಿಯಂ. ಡೈರಿಯಲ್ಲಿ ಏನು ಬರೆದಿದೆ ಅಂತಲೇ ಅವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಒಂದನೇ ಕ್ಲಾಸಿನ ಮಗುವನ್ನೂ ಟ್ಯೂಷನ್ನಿಗೆ ಹಾಕುತ್ತಾರೆ. ದುಡಿದ ದುಡ್ಡಿನಲ್ಲಿ ಸ್ಕೂಲ್ ಫೀಸೂ ಕಟ್ಟಬೇಕು, ಶಾಲೆ ಕೊಟ್ಟ ಕೆಲಸ ಮಾಡಿಸೋಕೆ ಟ್ಯೂಷನ್ ಫೀಸೂ ಕಟ್ಟಬೇಕು. ಟ್ಯೂಷನ್ನಿಗೆ ಹಾಕಲು ಆಗದಿದ್ದರೆ ಮರುದಿನ ಕ್ಲಾಸಿನಲ್ಲಿ ಎದ್ದು ನಿಲ್ಲುವುದು ಆ ಮಗು. ಆರು ವರ್ಷದ ಮಗು ಮಾಡಿದ ತಪ್ಪಾದರೂ ಏನು?

ಇದರಲ್ಲಿ ನಮ್ಮ ಪಾಲೂ ಇದೆ. "ಹೋಂವರ್ಕ್ ಕೊಡದಿದ್ದರೆ ಪೋಷಕರೇ ಬಂದು ಕೇಳುತ್ತಾರೆ" ಎಂದು ಟೀಚರ್‌ಗಳು ಹೇಳುತ್ತಾರೆ. ನಿಜ. ನಾನೂ ಒಮ್ಮೆ ಹಾಗೆ ಕೇಳಿದ್ದೇನೆ. ಮಗಳು ಸಂಜೆಯೆಲ್ಲ ಸುಮ್ನೆ ಆಡುತ್ತಾಳಲ್ಲ ಎಂಬ ಚಿಂತೆ ಆಗ.

ಹಾಗಾದರೆ ಸಂಜೆ ಏನು ಮಾಡಿಸಬೇಕು? ಅದಕ್ಕೂ 2020ರ ನೀತಿಯಲ್ಲೇ ಉತ್ತರವಿದೆ. ಒಂದು, ಎರಡನೇ ಕ್ಲಾಸಿನ ಮಕ್ಕಳು ನಿನ್ನೆ ಸಂಜೆ ಏನು ಆಡಿದರು, ಏನು ತಿಂದರು ಅಂತ ತರಗತಿಯಲ್ಲಿ ಮಾತಾಡಲಿ. ಮೂರರಿಂದ ಐದರವರು ರಾತ್ರಿಯ ಅಡುಗೆಗೆ ಏನೇನು ಹಾಕಿದ್ದರು, ಮನೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಅಂತ ಹೇಳಲಿ. ಇದಕ್ಕೆ ಟ್ಯೂಷನ್ ಬೇಡ. ಓದು ಬಾರದ ಅಜ್ಜಿಯೂ ಸಾರಿಗೆ ಹುಣಸೆಹಣ್ಣು ಎಷ್ಟು ಬೇಕು ಅಂತ ಚೆನ್ನಾಗಿ ಹೇಳಿಕೊಡುತ್ತಾರೆ.

[ದೃಶ್ಯ: ತೆರೆದ ಶಾಲಾ ಡೈರಿ.]

ಮುಂದಿನ ಪೋಷಕರ ಸಭೆಗೆ ಹೋಗುವಾಗ ಮಗುವಿನ ಒಂದು ವಾರದ ಡೈರಿ ತೆಗೆದುಕೊಂಡು ಹೋಗಿ. ಯಾವುದಕ್ಕೆ ಎಷ್ಟು ನಿಮಿಷ ಹಿಡಿಯಿತು ಅಂತ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ. "ಇದೆಲ್ಲ ಸೇರಿ ಇಷ್ಟಾಗ್ತಿದೆ ಮೇಡಂ, ಎಲ್ಲ ಟೀಚರ್‌ಗಳೂ ಒಮ್ಮೆ ಕೂತು ನೋಡ್ತೀರಾ?" ಅಂತ ಸಮಾಧಾನವಾಗಿ ಕೇಳಿ. ಪಕ್ಕದ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.