ಹಸಿ ಸ್ವೀಟ್ ಕಾರ್ನ್: ಅನ್ನದ ಲೆಕ್ಕವೋ, ತರಕಾರಿಯ ಲೆಕ್ಕವೋ?

ಕೇಳುಗರೆಲ್ಲರಿಗೂ ನಮಸ್ಕಾರ.

ಚಿಕ್ಕಬಳ್ಳಾಪುರದ ಕಡೆಯಿಂದ ನಂದಿ ಬೆಟ್ಟಕ್ಕೆ ಹೊರಟವರಿಗೆ ದಾರಿಯಲ್ಲಿ ಮುಸುಕಿನ ಜೋಳದ ಗಾಡಿಗಳು ಹೊಸದಲ್ಲ. ಕೆಂಡದ ಮೇಲೆ ಸುಟ್ಟು, ಉಪ್ಪು ಖಾರ ಸವರಿ, ಅರ್ಧ ಹೋಳು ನಿಂಬೆ ಉಜ್ಜಿ ಕೊಡುವುದು ನಮಗೆ ಗೊತ್ತಿರುವ ರುಚಿ. ಸ್ವೀಟ್ ಕಾರ್ನ್ ಬಂದ ಮೇಲೆ ಮುಸುಕು ಸುಲಿದು ಹಾಗೆಯೇ ಕಡಿದು ತಿನ್ನುವವರೂ ಹೆಚ್ಚಿದ್ದಾರೆ. ಹಸಿಯಾಗಿ ತಿನ್ನಬಹುದೆ, ತಿಂದರೆ ದೇಹಕ್ಕೆ ಸಿಗುವುದೇನು? ಇವತ್ತಿನ ಮಾತು ಅದರ ಬಗ್ಗೆ.

ತಿನ್ನಬಹುದು. ಕೋಳಿ ಆಹಾರಕ್ಕೆ ಹೋಗುವ ಸಾಧಾರಣ ಮೆಕ್ಕೆಜೋಳದ ಕಾಳು ಬಲಿತಂತೆ ಅದರೊಳಗಿನ ಸಕ್ಕರೆ ಪಿಷ್ಟವಾಗಿ ಗಟ್ಟಿಯಾಗುತ್ತದೆ. ಸ್ವೀಟ್ ಕಾರ್ನ್‌ನಲ್ಲಿ ಒಂದು ವಂಶವಾಹಿಯ ಬದಲಾವಣೆಯಿಂದ ಆ ಕೆಲಸ ನಿಧಾನವಾಗುತ್ತದೆ, ಸಕ್ಕರೆ ಕಾಳಿನಲ್ಲೇ ಉಳಿಯುತ್ತದೆ. ಅದೂ ಅಲ್ಲದೆ ತೆನೆಯ ರೇಷ್ಮೆ ಹೊರಬಂದ ಸುಮಾರು 20 ದಿನಕ್ಕೆಲ್ಲ ಎಳೆಯದಾಗಿಯೇ ಮುರಿಯುತ್ತಾರೆ. ಮುಸುಕನ್ನು ತುಸು ಸರಿಸಿ ಕಾಳಿಗೆ ಉಗುರು ಒತ್ತಿ ನೋಡಿ. ಹಾಲು ಚಿಮ್ಮಿದರೆ ಹದ ಸರಿಯಾಗಿದೆ. ನೀರು ಬಂದರೆ ಇನ್ನೂ ಎಳಸು. ಹಿಟ್ಟಿನಂತೆ ಅಂಟಿದರೆ ಬಲಿತಿದೆ, ಅದನ್ನು ಬೇಯಿಸುವುದೇ ಮೇಲು.

ಈಗ ಅಂಕಿಗಳಿಗೆ ಬರೋಣ. ಮಧ್ಯಮ ಗಾತ್ರದ ಒಂದು ತೆನೆಯಲ್ಲಿ ಹೆಚ್ಚುಕಡಿಮೆ ನೂರು ಗ್ರಾಂ ಕಾಳು ಸಿಗುತ್ತದೆ ಎಂದುಕೊಳ್ಳಿ. ಅದರಲ್ಲಿ 76 ಗ್ರಾಂ ಬರೀ ನೀರು. ಕಾರ್ಬೋಹೈಡ್ರೇಟ್ ಸುಮಾರು 19 ಗ್ರಾಂ, ಅದರಲ್ಲಿ ಸಕ್ಕರೆಯೇ 6 ಗ್ರಾಂನಷ್ಟು. ಪ್ರೋಟೀನ್ 3 ಗ್ರಾಂಗಿಂತ ಸ್ವಲ್ಪ ಹೆಚ್ಚು, ನಾರು 2 ಗ್ರಾಂಗೆ ಕಡಿಮೆಯಿಲ್ಲ, ಕೊಬ್ಬು ಒಂದೂಕಾಲು ಗ್ರಾಂ ಆಸುಪಾಸು. ಒಟ್ಟು ಶಕ್ತಿ 86 ಕಿಲೊಕ್ಯಾಲರಿ. ಪೊಟ್ಯಾಸಿಯಂ 270 ಮಿಲಿಗ್ರಾಂ, ಮೆಗ್ನೀಸಿಯಂ 37 ಮಿಲಿಗ್ರಾಂ ಇದೆ. ಫೋಲೇಟ್ ಎಂಬ ಬಿ ಜೀವಸತ್ವ 42 ಮೈಕ್ರೊಗ್ರಾಂ, ಅಂದರೆ ದೊಡ್ಡವರ ಒಂದು ದಿನದ ಅಗತ್ಯದಲ್ಲಿ ಹತ್ತನೇ ಒಂದು ಭಾಗ. ಮೊಬೈಲಿಗೆ ಬರುವ ಸಂದೇಶಗಳಲ್ಲಿ ಜೋಳದ ಪ್ರೋಟೀನ್ 9 ಗ್ರಾಂ ಎಂದು ಇರುತ್ತದೆ. ಅದು ಒಣಗಿದ ಮೆಕ್ಕೆಜೋಳದ ಅಂಕಿ. ನೀರು ತುಂಬಿದ ಎಳೆ ಕಾಳಿಗೆ ಅದನ್ನು ಹಚ್ಚಬಾರದು.

ಆದ್ದರಿಂದ ಸ್ವೀಟ್ ಕಾರ್ನ್ ಅನ್ನು ಊಟದಲ್ಲಿ ತರಕಾರಿಯ ಲೆಕ್ಕಕ್ಕೆ ಸೇರಿಸಿ ಎನ್ನುತ್ತೇನೆ. ಹಿಟ್ಟಿನ ಅಂಶ ತುಸು ಹೆಚ್ಚಿರುವ ತರಕಾರಿ. ಸಕ್ಕರೆ ಕಾಯಿಲೆ ಇರುವವರು ಒಂದು ತೆನೆ ತಿಂದ ಹೊತ್ತಿನಲ್ಲಿ ಅನ್ನವನ್ನೋ ಮುದ್ದೆಯನ್ನೋ ಅಷ್ಟರಮಟ್ಟಿಗೆ ಕಡಿಮೆ ಮಾಡಿಕೊಳ್ಳಬೇಕು. ಮುದ್ದೆ ಬಿಟ್ಟು ಇದನ್ನೇ ಹಿಡಿಯುವುದು ಮಾತ್ರ ನಷ್ಟದ ವ್ಯವಹಾರ. ನೂರು ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 340 ಮಿಲಿಗ್ರಾಂಗೂ ಹೆಚ್ಚು. ಸ್ವೀಟ್ ಕಾರ್ನ್‌ನಲ್ಲಿ ಎಷ್ಟು ಗೊತ್ತೆ? ಎರಡೇ ಮಿಲಿಗ್ರಾಂ. ರಾಗಿ ಒಣ ಧಾನ್ಯ, ಇದು ಹಸಿ ಕಾಳು ಎಂದು ರಿಯಾಯಿತಿ ಕೊಟ್ಟರೂ ಹತ್ತಿರಕ್ಕೆ ಬರುವುದಿಲ್ಲ. ಸಿ ಜೀವಸತ್ವವೂ 7 ಮಿಲಿಗ್ರಾಂ ಒಳಗೇ. ಅದಕ್ಕೆ ನಮ್ಮ ತೋಟದ ಸೀಬೆಹಣ್ಣು ಇದೆ. ಅದರ ನೂರು ಗ್ರಾಂನಲ್ಲಿ ಇನ್ನೂರು ಮಿಲಿಗ್ರಾಂ ದಾಟುತ್ತದೆ.

ಹಾಗಾದರೆ ಇದರ ಹೆಚ್ಚುಗಾರಿಕೆ ಎಲ್ಲಿ? ಹಳದಿ ಬಣ್ಣದಲ್ಲಿ. ಹಳದಿ ಎಂದರೆ ಕ್ಯಾರೆಟ್‌ನಂತೆ ಎ ಜೀವಸತ್ವ ಎಂದು ನಂಬಿರುವವರು ಬಹಳ. ಇಲ್ಲಿ ಅದು ತೀರಾ ಕಡಿಮೆ. ಈ ಬಣ್ಣ ಬಹುಪಾಲು ಲೂಟೀನ್ ಮತ್ತು ಝಿಯಾಕ್ಸಾಂಥಿನ್ ಎಂಬ ಎರಡು ವಸ್ತುಗಳದು, ನೂರು ಗ್ರಾಂಗೆ 640 ಮೈಕ್ರೊಗ್ರಾಂ ಆಸುಪಾಸು. ಅವು ಎ ಜೀವಸತ್ವವಾಗಿ ಬದಲಾಗುವುದಿಲ್ಲ. ಕಣ್ಣಿನ ಅಕ್ಷಿಪಟಲದ ನಡುವೆ, ನಾವು ಸೂಜಿಗೆ ದಾರ ಪೋಣಿಸುವಾಗ ಕೆಲಸಕ್ಕೆ ಬರುವ ಜಾಗದಲ್ಲಿ, ಹೋಗಿ ಸೇರುತ್ತವೆ. ಬಿಳಿ ಕಾಳಿನ ತಳಿಗಳಲ್ಲಿ ಇವು ಅತ್ಯಲ್ಪ. ಇವು ಜಿಡ್ಡಿನಲ್ಲಿ ಕರಗುವಂಥವು, ಆದ್ದರಿಂದ ಒಂದು ಹಿಡಿ ತೆಂಗಿನತುರಿಯೋ ಕಡಲೆಕಾಯಿಯೋ ಜೊತೆಗಿದ್ದರೆ ಮೈಗೆ ಹತ್ತುತ್ತವೆ. ಅದಕ್ಕೆಂದು ಬೆಣ್ಣೆ ಸುರಿಯುವುದು ಬೇಡ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ ನೂರು ಕಿಲೊಕ್ಯಾಲರಿ, ಅಂದರೆ ತೆನೆಗಿಂತ ಹೆಚ್ಚು!

ನನ್ನ ಮಟ್ಟಿಗೆ ಹಸಿ ಸ್ವೀಟ್ ಕಾರ್ನ್‌ಗೆ ಕೋಸಂಬರಿಗಿಂತ ಒಳ್ಳೆಯ ಜಾಗವಿಲ್ಲ. ಜೋಳದ ಪ್ರೋಟೀನ್‌ನಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಸಾಲದು. ಬೇಳೆಕಾಳುಗಳಲ್ಲಿ ಅದು ಧಾರಾಳ. ನೆನೆಸಿದ ಹೆಸರುಬೇಳೆಯ ಜೊತೆ ಸೇರಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ತೆನೆಯನ್ನು ನೆಟ್ಟಗೆ ನಿಲ್ಲಿಸಿ, ಚಾಕುವಿನಿಂದ ಕಾಳಿನ ಮುಕ್ಕಾಲು ಭಾಗವನ್ನು ಮಾತ್ರ ಹೆರೆಯಿರಿ. ಆಮೇಲೆ ಚಾಕುವಿನ ಬೆನ್ನಿನಿಂದ ದಿಂಡನ್ನು ಮೇಲಿಂದ ಕೆಳಕ್ಕೆ ಒತ್ತಿ ಎಳೆಯಿರಿ. ಕಾಳಿನ ಬುಡದಲ್ಲಿರುವ ಮೊಳಕೆಯ ಭಾಗ ಮತ್ತು ಉಳಿದ ಹಾಲು ಆಗ ಬರುತ್ತವೆ. ಜೋಳದ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಇರುವುದು ಆ ಮೊಳಕೆಯಲ್ಲೇ. ತೆಂಗಿನತುರಿ, ನಿಂಬೆರಸ, ಸಾಸಿವೆ ಒಗ್ಗರಣೆ ಸಾಕು. ಅವರೆಕಾಯಿ ಕಾಲದಲ್ಲಿ ಬೇಯಿಸಿದ ಹಿತಕಿದ ಅವರೆಕಾಳು ಹಾಕಿ ನೋಡಿ, ಅದರ ಮಾತೇ ಬೇರೆ.

ಕಾಳಿನ ಸಿಪ್ಪೆ ಸೆಲ್ಯುಲೋಸ್‌ನದು, ಅದನ್ನು ನಮ್ಮ ಕರುಳು ಜೀರ್ಣಿಸಲಾರದು. ಅಗಿಯದೆ ನುಂಗಿದರೆ ಇಡೀ ಕಾಳೇ ಹೊರಬರುತ್ತದೆ. ಪುಟ್ಟ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವೂ ಉಂಟು, ಜಜ್ಜಿ ಕೊಡಿ.

ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ ಎಂಬ ಮಾತು ಅರ್ಧ ನಿಜ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 115 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 25 ನಿಮಿಷ ಬೇಯಿಸಿದ ಸ್ವೀಟ್ ಕಾರ್ನ್ ಸಿ ಜೀವಸತ್ವದ ಕಾಲು ಭಾಗವನ್ನು ಕಳೆದುಕೊಂಡಿತ್ತು. ಆದರೆ ಸಿಪ್ಪೆಗೆ ಕಚ್ಚಿಕೊಂಡಿದ್ದ ಫೆರೂಲಿಕ್ ಆಮ್ಲ ಎಂಬ ವಸ್ತು ಬಿಡುಗಡೆಯಾಗಿ, ಉತ್ಕರ್ಷಣ ನಿರೋಧಕ ಶಕ್ತಿ, ಅಂದರೆ ಜೀವಕೋಶಗಳಿಗಾಗುವ ಹಾನಿಯನ್ನು ತಡೆಯುವ ಆ್ಯಂಟಿಆಕ್ಸಿಡೆಂಟ್ ಗುಣ, ಶೇಕಡಾ 44ರಷ್ಟು ಏರಿತ್ತು. ಹಸಿಯೋ ಬೆಂದದ್ದೋ ಎಂದು ಜಗಳ ಆಡುವಷ್ಟು ವಿಷಯ ಇಲ್ಲಿಲ್ಲ. ಹೊಟ್ಟೆ ಉಬ್ಬರಿಸುವವರು ಬೇಯಿಸಿಯೇ ತಿನ್ನಲಿ.

ಹಸಿ ತಿನ್ನುವವರು ತೊಳೆಯುವುದನ್ನು ಮಾತ್ರ ಮರೆಯಬಾರದು. 2018ರ ಜುಲೈನಲ್ಲಿ ಚಿಕ್ಕಬಳ್ಳಾಪುರದ ಮೆಕ್ಕೆಜೋಳದ ಹೊಲದಲ್ಲಿ ಫಾಲ್ ಸೈನಿಕ ಹುಳು ವಿಪರೀತವಾಗಿ ಕಂಡಿತ್ತು. ಆ ಹುಳು ಬಂದ ಮೇಲೆ ಔಷಧಿ ಸಿಂಪಡಿಸುವುದೂ ಬಂತು. ಮುಸುಕು ಕಾಳನ್ನು ಕಾಯುತ್ತದೆ, ನಿಜ. ಆದರೂ ಸುಲಿದು, ರೇಷ್ಮೆಯನ್ನು ಪೂರ್ತಿ ತೆಗೆದು, ಹರಿಯುವ ನೀರಿನಲ್ಲಿ ತೊಳೆಯಿರಿ. ತುದಿಯಲ್ಲಿ ಹುಳು ಕೊರೆದಿದ್ದರೆ ಅಷ್ಟನ್ನು ಕತ್ತರಿಸಿ, ಉಳಿದದ್ದನ್ನು ಬೇಯಿಸಿ.

ಕೊನೆಯದಾಗಿ ತಾಜಾತನ. ತೆನೆ ಮುರಿದ ಗಳಿಗೆಯಿಂದಲೇ ಸಕ್ಕರೆ ಪಿಷ್ಟವಾಗತೊಡಗುತ್ತದೆ. 30 ಡಿಗ್ರಿ ಬಿಸಿಲಿನಲ್ಲಿ ಹಳೆಯ ತಳಿಗಳ ಸಿಹಿ ಒಂದೇ ದಿನದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಈಗಿನ ಹೆಚ್ಚು ಸಿಹಿಯ ಹೈಬ್ರಿಡ್‌ಗಳು ಇನ್ನಷ್ಟು ದಿನ ತಾಳುತ್ತವೆ. ಹೊಲದ ಪಕ್ಕದಲ್ಲೇ ಇರುವ ನಮಗೆ ಬೆಳಿಗ್ಗೆ ಮುರಿದದ್ದು ಮಧ್ಯಾಹ್ನದ ಊಟಕ್ಕೆ ಸಿಗುವುದು ಕಷ್ಟವಲ್ಲ. ಸಂತೆಯಲ್ಲಿ ಕೊಳ್ಳುವಾಗ ತೊಟ್ಟಿನ ಕಡಿದ ಜಾಗ ಹಸಿಯಾಗಿದೆಯೇ, ಮುಸುಕು ಹಸಿರಾಗಿದೆಯೇ ನೋಡಿ. ಸುಲಿದು ಪ್ಲಾಸ್ಟಿಕ್ ಸುತ್ತಿಟ್ಟದ್ದಕ್ಕಿಂತ ಮುಸುಕಿರುವುದನ್ನೇ ಕೊಳ್ಳಿ, ಫ್ರಿಜ್‌ನಲ್ಲಿ ಇಡುವುದಾದರೂ ಮುಸುಕಿನ ಸಮೇತ ಇಡಿ. ಸುಲಿದ ಮುಸುಕನ್ನು ಕೊಟ್ಟಿಗೆಗೆ ಹಾಕಿದರೆ ಹಸು ಬೇಡ ಎನ್ನುವುದಿಲ್ಲ. ನಮಸ್ಕಾರ.